ಸಂಗೀತೋತ್ಸವದ ಕಡೆಯ ಕಚೇರಿ: ಲಿಂಗಸುಗೂರು ಸೀಮೆಯ ಸುಳಾದಿ, ಷಟ್ಪದಿಗಳನ್ನು ಕುರಿತು

ಸಂಗೀತೋತ್ಸವವನ್ನು ನಡೆಸುವವರಿಗೆ ಮೊದಲ ದಿನದ ಕಚೇರಿಯನ್ನು ಗೊತ್ತುಮಾಡುವುದು ಅಷ್ಟು ಕಷ್ಟವಲ್ಲ. ತೊಡಕೆಲ್ಲ ಕಡೆಯ ದಿನದ್ದು. ಅಂದು ಜನ ಹೆಚ್ಚಾಗಿ ನೆರೆಯುತ್ತಾರೆ. ಅಂದು ಕಡೆಯಲ್ಲಿ ಕೇಳಿದ್ದೇ ಮನೆಗೆ ಮರಳುವಾಗ ಕಿವಿಯಲ್ಲಿ ಉಳಿದಿರುತ್ತದೆ. ಆದುದರಿಂದ ಕಡೆಗೆ ಯಾವುದು ಬರಬೇಕೆಂಬುದು ಕೇವಲ ಗಾಯಕರ ಸೌಕರ್ಯಕ್ಕೆ ಸೇರಿದ ಮಾತಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಮೂರು ಊರುಗಳಲ್ಲೊಂದರಲ್ಲಿ ಶಾಸ್ತ್ರೀಯ ಸಂಗೀತೋತ್ಸವವು ನಡೆಯುವುದಾದರೆ ಅದರ ಕಡೆಯ ಕಚೇರಿಗೆ ಏನನ್ನು ಆರಿಸಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡಿದೆ. ಸಂಗೀತದ ವಿಷಯವಾದರೂ ಇದು ಸಾಹಿತ್ಯವನ್ನು ಕಲಿಸುವವರ ಸಹಾಯವಿಲ್ಲದೆ ತೀರತಕ್ಕದ್ದಲ್ಲ. ಏಕೆಂಬುದು ಮುಂದೆ ತಿಳಿದುಬರುವುದು.

ಕಡೆಯ ಸ್ಥಾನಕ್ಕೆ ಎರಡು ಪದ್ಧತಿಗಳಲ್ಲಿಯೂ ರೂಢಿಯೊಂದಿದೆ. ಕರ್ನಾಟಕ ಪದ್ಧತಿಯವರು ಮಂಗಳವನ್ನು ಹಾಡಿ ಮುಗಿಸುತ್ತಾರೆ. ಸೌರಾಷ್ಟ್ರ, ಮಧ್ಯಮಾವತಿ ರಾಗಗಳು ಅದಕ್ಕೆ ಬಳಕೆಯಲ್ಲಿವೆ. ಹಿಂದೂಸ್ಥಾನಿಯವರಿಗೆ ಭೈರವಿ. ಅದು ಪ್ರಾತಃಕಾಲದ ರಾಗವಾದರೂ ಮುಕ್ತಾಯಕ್ಕೆಂದು ಯಾವ ಹೊತ್ತಿನಲ್ಲಾದರೂ ಹಾಡಬಹುದೆಂದು ಹಿರಿಯರು ಒಪ್ಪಿದ್ದಾರೆ. ಕುಂದಗೋಳದ ಸವಾಯಿ ಗಂಧರ್ವರ (೧೮೮೬–೧೯೫೨) ಸ್ಮರಣೆಗಾಗಿ ಅವರ ಶಿಷ್ಯರಾದ ಭೀಮಸೇನ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಲ್ಲಿ, ಎಲ್ಲರ ಗಾಯನವೂ ಮುಗಿದ ಮೇಲೆ ಗುರುಗಳದೇ ಭೈರವಿ ಠುಮರಿಯ ಧ್ವನಿಮುದ್ರಿಕೆಯನ್ನು ಹಾಕುವ ಸಂಪ್ರದಾಯವು ಬೆಳೆಯಿತು. ಯಾರ ಹೆಸರಿನ ಉತ್ಸವವೋ ಅವರ ಧ್ವನಿಗೇ ಕಡೆಯ ಸ್ಥಾನ. ಇದಕ್ಕಿಂತ ಯುಕ್ತವಾದ ಆಯ್ಕೆಯನ್ನು ನಾನು ಕಾಣೆ.

ನಮ್ಮ ಉತ್ತರ ಕರ್ನಾಟಕದ ಗಾಯಕರು ಇದರ ಜೊತೆಗೆ ಇನ್ನೊಂದು ರೂಢಿಯನ್ನು ಸೇರಿಸಿದರು. ಖ್ಯಾಲು ಮುಗಿದ ಮೇಲೆ ಕನ್ನಡದ ಪದವೊಂದನ್ನು ಹಾಡುವುದೇ ಅದು. ಮಲ್ಲಿಕಾರ್ಜುನ ಮನಸೂರರೂ ರಾಯಚೂರು ಸೀಮೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರೂ ವಚನಗಳನ್ನು, ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹೀಗೆ ಮನೆಮನೆಗೆ ಮುಟ್ಟಿಸಿದರು. ಈ ಉಪಕಾರ ಸಣ್ಣದಲ್ಲ. ಆದರೆ ಖ್ಯಾಲಿಗೆ ಒಂದು ಗಂಟೆ, ಕನ್ನಡಕ್ಕೆ ಐದು ನಿಮಿಷ ಎಂಬ ಹಂಚಿಕೆಯು ನಿಂತುಹೋದುದರಿಂದ, ನಮ್ಮ ಹಾಡುಗಬ್ಬವೆಂದರೆ ಊಟದ ಕಡೆಯಲ್ಲಿ ಕೊಡುವ ವೀಳ್ಯದಂತೆ ಎಂಬ ಭಾವನೆಯು ಕೇಳುವವರಲ್ಲಿ ಬೇರೂರಿದೆ. ಈ ಭಾವನೆಯು ಬೇರೆಲ್ಲಿದ್ದರೂ ಇರಲಿ, ಈ ಸೀಮೆಯಲ್ಲಿ ಇರತಕ್ಕದ್ದಲ್ಲ.

ಏಕೆಂದರೆ ಚೀಕಲಪರವಿಯ ವಿಜಯದಾಸರು (೧೬೮೨–೧೭೫೫), ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು (೧೭೨೮–೧೮೦೯) ಈ ಮೂವರೂ ಇಂದಿನ ರಾಯಚೂರು ಜಿಲ್ಲೆಯವರು. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರೇ. ಅದೇ ಊರಿನ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಗೊರಬಾಳ ಹನುಮಂತರಾಯರು ಹರಿದಾಸರ ಕೃತಿಗಳನ್ನು ಸಂಪುಟ ಸಂಪುಟವಾಗಿ ಅಚ್ಚುಹಾಕಿಸದೆ ಇದ್ದಿದ್ದರೆ ಎಷ್ಟೋ ಸುಳಾದಿಗಳು ಹಸ್ತಪ್ರತಿಗಳಲ್ಲಿಯೇ ಹುಳು ತಿಂದುಹೋಗುತ್ತಿದ್ದವು. ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದಲ್ಲಿ, ಜನ ಅಂಬಾಮಠವೆನ್ನುವ ಸ್ಥಳದಲ್ಲಿ, ಚಿದಾನಂದಾವಧೂತರು ಇದ್ದರು. ನವರಾತ್ರಿಯಲ್ಲಿ ಊರೂರುಗಳಲ್ಲಿ ಓದಿಸುವ ಅವರ ದೇವೀಪುರಾಣವು ಭಾಮಿನಿ ಷಟ್ಪದಿಯ ಗ್ರಂಥ. ಮಸ್ಕಿಯನ್ನು ವಿದ್ವಾಂಸರು ೧೯೧೫ರಲ್ಲಿ ದೊರೆತ ಅಶೋಕನ ಶಾಸನದಿಂದ ಬಲ್ಲರು. ಊರವರಿಗಾದರೋ ಅದು ಬೆಟ್ಟದ ಮಲ್ಲಿಕಾರ್ಜುನನ ಊರು. ಅಲ್ಲಿ ಶರಣರ ವಚನವಿಲ್ಲದೆ ಕಚೇರಿ ಮುಗಿದರೆ ಜನ ಒಪ್ಪಲಾರರು. ಹೀಗೆ ಮೂರು ಊರುಗಳಿಗೆ ಮೂರು ಬಗೆಯ ಸಾಹಿತ್ಯ: ಸುಳಾದಿ, ಷಟ್ಪದಿ, ವಚನ. ಮೂರಕ್ಕೂ ಒಂದೇ ಬಗೆಯ ಉಪಚಾರ ಸಲ್ಲದು.

ಮೊದಲು ಸುಳಾದಿಯನ್ನು ತೆಗೆದುಕೊಳ್ಳೋಣ. ಪದಕ್ಕಿರುವಂತೆ ಇದಕ್ಕೆ ಪಲ್ಲವಿಯಿಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಅಥವಾ ಆದಿ ಎಂದು ನುಡಿನುಡಿಗೆ ತಾಳ ಬದಲಾಗುತ್ತ ವಿಚಾರವು ಮುಂದುವರಿದು, ಕಡೆಯಲ್ಲಿ ‘ಜತೆ’ ಎಂಬ ಎರಡು ಸಾಲುಗಳಲ್ಲಿ ನಿಲ್ಲುತ್ತದೆ. ಎಂದರೆ ಕೃತಿಯೊಳಗೇ ಮುಕ್ತಾಯದ ಏರ್ಪಾಟಿದೆ. ಒಂದೆರಡು ನುಡಿಗಳನ್ನು ಮಾತ್ರ ಎತ್ತಿಕೊಂಡು ಪದದಂತೆ ಹಾಡಿದರೆ ವಾದವು ಅರ್ಧಕ್ಕೇ ಕಡಿದುಹೋಗಿ ಜತೆಗೆ ಅರ್ಥವೇ ಉಳಿಯುವುದಿಲ್ಲ. ಇಡಿಯಾಗಿ, ನಿದಾನವಾಗಿ ಹಾಡಲು ಅರ್ಧ ಗಂಟೆಯಾದರೂ ಬೇಕಾದೀತು. ಆದುದರಿಂದ ಇದರ ಸ್ಥಾನವು ಕಚೇರಿಯ ಬಾಲದಲ್ಲಲ್ಲ, ನಡುವಿನಲ್ಲಿ.

ಇಲ್ಲಿ ಒಂದು ಅಪಾಯವಿದೆ. ಅಚ್ಚಾದ ಪುಸ್ತಕದಲ್ಲಿ ನುಡಿಯ ತಲೆಗೆ ‘ರೂಪಕ’ ಎಂದಿದ್ದರೆ ಹಿಂದೂಸ್ಥಾನಿ ಗಾಯಕನು ತನಗೆ ತಿಳಿದ ಏಳು ಮಾತ್ರೆಯ ರೂಪಕವನ್ನೇ ಹಿಡಿಯುತ್ತಾನೆ. ಸುಳಾದಿ ತಾಳಗಳ ರೂಪಕವಾದರೋ ಎರಡು ಮತ್ತು ನಾಲ್ಕು ಸೇರಿ ಆರು. ಮಾತುಗಳು ತಾಳದಲ್ಲಿ ಕೂಡದೆ ಹೋದಾಗ ಗಾಯಕನು ಅಕ್ಷರಗಳನ್ನು ಎಳೆಯುತ್ತಾನೆ, ಪದಗಳು ಮುರಿಯುತ್ತವೆ. ಕೇಳುವವನು ದಾಸರ ರಚನೆಯೇ ಒರಟೆಂದುಕೊಳ್ಳುತ್ತಾನೆ. ವಿನೋದವೇನೆಂದರೆ, ಅವನಿಗೆ ಪರಿಚಿತವಾದ ರೂಪಕದ ಮೂರು, ಎರಡು, ಎರಡು ಎಂಬ ವಿಭಾಗವು ಅದೇ ಸುಳಾದಿಯ ತ್ರಿಪುಟದ ನುಡಿಗೆ ಸರಿಯಾಗಿ ಒಪ್ಪುತ್ತದೆ. ಮೊದಲ ಮಾತ್ರೆಯು ಖಾಲಿಯೆಂಬುದೊಂದೇ ವ್ಯತ್ಯಾಸ. ಝಂಪೆಗೂ ಝಪತಾಲಕ್ಕೂ ಹತ್ತು ಹತ್ತೇ ಮಾತ್ರೆಗಳಾದರೂ ಒಂದು ಏಳು, ಒಂದು, ಎರಡು. ಇನ್ನೊಂದು ಎರಡು, ಮೂರು, ಎರಡು, ಮೂರು. ಹೆಸರಿನ ಹೋಲಿಕೆಯನ್ನು ನಂಬಿದರೆ ಕೆಟ್ಟೆವು.

ರಾಗದ ಹೆಸರುಗಳೂ ಹೀಗೆಯೇ. ಕರ್ನಾಟಕದ ತೋಡಿಯ ಸ್ವರಗಳು ಹಿಂದೂಸ್ಥಾನಿಯಲ್ಲಿ ಭೈರವಿಯ ಸ್ವರಗಳು. ಅಲ್ಲಿಯ ತೋಡಿ ಇಲ್ಲಿಯವರಿಗೆ ಶುಭಪಂತುವರಾಳಿಯಂತೆ ಕೇಳುತ್ತದೆ. ಇಲ್ಲಿಯ ಹಿಂದೋಳ ಅಲ್ಲಿಯ ಮಾಲಕಂಸ. ಹದಿನೆಂಟನೆಯ ಶತಮಾನದಲ್ಲಿ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬದಲ್ಲಿ ಹಾಡುತ್ತಿದ್ದ ತೋಡಿಯನ್ನು ಈ ಎರಡರಲ್ಲಿ ಯಾವುದಕ್ಕೂ ಸುಮ್ಮನೆ ಸಮೀಕರಿಸಬಾರದು. ತಂಜಾವೂರಿನ ಸರಸ್ವತೀ ಮಹಲಿನ ಹಸ್ತಪ್ರತಿಗಳಲ್ಲಿ ಕೆಲವು ಸುಳಾದಿಗಳಿಗೆ ಸ್ವರಲಿಪಿಯಿರುವುದು ಭಾಗ್ಯವೇ ಸರಿ. ಅಂಥ ಆಧಾರವಿಲ್ಲದ ಕಡೆ ಗಾಯಕನು ತನ್ನ ಪದ್ಧತಿಯ ರಾಗವೊಂದನ್ನು ಆರಿಸಿಕೊಂಡು, ಅದು ತನ್ನ ಆಯ್ಕೆಯೆಂದು ಸಭೆಗೆ ಹೇಳಿ ಹಾಡುವುದು ಪ್ರಾಮಾಣಿಕವಾದ ದಾರಿ. ರಾಗವು ಬದಲಾದರೆ ಸುಳಾದಿಯು ಬದುಕೀತು. ತಾಳವು ಕೆಟ್ಟರೆ ಬದುಕದು.

ಷಟ್ಪದಿಯ ವಿಚಾರದಲ್ಲಿ ತೊಡಕು ಕಡಿಮೆ, ಸುಖ ಹೆಚ್ಚು. ಭಾಮಿನಿಯ ನಡೆ ಮೂರು, ನಾಲ್ಕು ಎಂದು ವಿದ್ಯಾರ್ಥಿಗಳೂ ಬಲ್ಲರು. ಹಿಂದೂಸ್ಥಾನಿಯ ಏಳು ಮಾತ್ರೆಯ ರೂಪಕಕ್ಕೆ ಇದು ಅಳೆದು ಕತ್ತರಿಸಿದಂತೆ ಕೂಡುತ್ತದೆ. ಚಿಕ್ಕ ಸಾಲಿನ ಹದಿನಾಲ್ಕು ಮಾತ್ರೆಗೆ ಎರಡು ಆವರ್ತನಗಳು. ಮೂರನೆಯ, ಆರನೆಯ ಸಾಲುಗಳಲ್ಲಿ ಇಪ್ಪತ್ತೊಂದು ಮಾತ್ರೆಗಳ ಮೇಲೆ ಒಂದು ಗುರುವು ನಿಲ್ಲುವುದರಿಂದ ನಾಲ್ಕನೆಯ ಆವರ್ತನದಲ್ಲಿ ಐದು ಮಾತ್ರೆಗಳು ಬಿಡುವಾಗುತ್ತವೆ. ಆ ಬಿಡುವಿನಲ್ಲಿ ಹಾರ್ಮೋನಿಯಮ್ಮಿನವನು ತುಂಬಿಕೊಡುತ್ತಾನೆ, ಗಾಯಕನು ಉಸಿರು ತೆಗೆದುಕೊಳ್ಳುತ್ತಾನೆ. ಪುರಾಣವನ್ನು ಕೇಳಿ ಬೆಳೆದ ಹಳ್ಳಿಯ ಜನಕ್ಕೆ ಈ ಗತ್ತು ರಕ್ತಗತವಾದದ್ದು. ಗದ್ದೆಯ ಕೆಲಸ ಮುಗಿಸಿ ಬಂದು ಹಿಂದಿನ ಸಾಲಿನಲ್ಲಿ ಕುಳಿತವನೂ ಇದಕ್ಕೆ ತಲೆದೂಗುವನು.

ವಚನಕ್ಕೆ ರಾಗತಾಳಗಳ ಕಟ್ಟಿಲ್ಲ; ಗಾಯಕನು ಕಟ್ಟಿದ್ದೇ ಕಟ್ಟು. ಆದರೆ ಪಲ್ಲವಿಯುಳ್ಳ ಸ್ವರವಚನಗಳು ಹಾಡುವುದಕ್ಕೆಂದೇ ಹುಟ್ಟಿದವು. ಅವುಗಳನ್ನು ಬಿಟ್ಟು ಕೇಳಿ ಕೇಳಿ ಸವೆದ ನಾಲ್ಕಾರು ವಚನಗಳನ್ನೇ ಮತ್ತೆ ಹಾಡಿಸುವುದೇಕೆಂದು ತಿಳಿಯದು.

ಇನ್ನು ಹೊತ್ತಿನ ಮಾತು. ಹಿಂದೆ ಕಚೇರಿಗಳು ಬೆಳಗಿನ ಜಾವದವರೆಗೆ ನಡೆದು, ಭೈರವಿಯು ಅದರ ಹೊತ್ತಿಗೇ ಬರುತ್ತಿತ್ತು. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನು ತಡೆಯುವ ನಿಯಮವು ೨೦೦೦ದಲ್ಲಿ ಬಂದ ಮೇಲೆ, ಆರು ಗಂಟೆಗೆ ಆರಂಭವಾದ ಸಭೆಗೆ ಇರುವುದು ನಾಲ್ಕೇ ಗಂಟೆ. ಆ ನಾಲ್ಕು ಗಂಟೆಗಳಲ್ಲಿ ಮೊದಲು ಸಂಜೆಯ ರಾಗದಲ್ಲಿ ವಿಸ್ತಾರವಾದ ಖ್ಯಾಲು. ಅನಂತರ, ಸಭೆಯು ತುಂಬಿ ಮನಸ್ಸು ಇನ್ನೂ ದಣಿಯದಿರುವಾಗ, ಜತೆಯವರೆಗೆ ಪೂರ್ತಿಯಾಗಿ ವಿಜಯದಾಸರದೋ ಗೋಪಾಲದಾಸರದೋ ಒಂದು ಸುಳಾದಿ. ಆ ಮೇಲೆ ಪ್ರಾಣೇಶದಾಸರ ಪದವೊಂದು ಮತ್ತು ಸ್ವರವಚನ. ಕಡೆಗೆ ಭೈರವಿಯಲ್ಲಿ ದೇವೀಪುರಾಣದ ಮೂರು ನಾಲ್ಕು ಪದ್ಯಗಳು. ಕಡೆಯ ಸ್ಥಾನವೇ ಗೌರವದ ಸ್ಥಾನವೆಂದು ಎಣಿಸುವವರು ದಾಸರನ್ನೋ ಶರಣರನ್ನೋ ಹಿಂದೆ ಹಾಕಿದಿರೆಂದು ಆಕ್ಷೇಪಿಸಬಹುದು. ಮಸ್ಕಿಯಲ್ಲಾದರೆ ಸ್ವರವಚನವನ್ನೂ ಲಿಂಗಸುಗೂರಿನಲ್ಲಾದರೆ ಪ್ರಾಣೇಶದಾಸರ ಪದವನ್ನೂ ಕಡೆಗಿಟ್ಟು ಷಟ್ಪದಿಯನ್ನು ಮೊದಲು ಮಾಡಿಕೊಳ್ಳಲು ಅಡ್ಡಿಯಿಲ್ಲ. ಸುಳಾದಿಯನ್ನು ಮಾತ್ರ ನಡುವಿನಿಂದ ಕದಲಿಸಬಾರದು.

ಸುಳಾದಿಯ ಪಾಠವನ್ನು ಎರಡು ಮೂರು ಪ್ರತಿಗಳೊಡನೆ ಒಪ್ಪಿಟ್ಟು ನೋಡಿ, ನುಡಿನುಡಿಗೆ ತಾಳದ ಮಾತ್ರೆಗಳನ್ನು ಅಂಕಿಯಲ್ಲಿ ಬರೆದು, ಕಚೇರಿಗೆ ಹದಿನೈದು ದಿನ ಮೊದಲೇ ಗಾಯಕನಿಗೂ ತಬಲಾದವನಿಗೂ ಕಳುಹಿಸಬೇಕು. ಈ ಕೆಲಸವನ್ನು ಊರಿನ ಕಾಲೇಜಿನ ಕನ್ನಡ ಪಂಡಿತರು ವಹಿಸಿಕೊಳ್ಳಬಹುದು. ಸಭೆಯಲ್ಲಿ ಹಂಚುವ ಹಾಳೆಯಲ್ಲಿ ಪೂರ್ಣ ಪಾಠವನ್ನೂ, ಜತೆಯ ಎರಡು ಸಾಲುಗಳಿಗೆ ಅರ್ಥವನ್ನೂ ಅವರೇ ಅಚ್ಚುಮಾಡಿಸಿಕೊಡಬಹುದು.