ವಾಕರ್ ಬಿಡುವ ಧೈರ್ಯ

ಸೊಂಟದ ಕೀಲು ಬದಲಿಸಿದವರನ್ನು ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಗಾಯ ಮಾಯುತ್ತದೆ, ಭಯ ಮಾತ್ರ ಬೇಗ ಹೋಗುವುದಿಲ್ಲ. ನಂಜನಗೂಡಿನ ನಮ್ಮತ್ತೆಗೆ ಡಾಕ್ಟರು "ಇನ್ನು ಕೋಲು ಸಾಕಮ್ಮ" ಅಂದ ಮೇಲೂ ವಾಕರ್ ಬಿಡಲು ಮನಸ್ಸಿಲ್ಲ. "ಬಿದ್ರೆ ಗತಿಯೇನವ್ವ?" ಅನ್ನೋರು.

ಫಿಸಿಯೋಥೆರಪಿಸ್ಟ್ ಮೊದಲು ಕಲಿಸಿದ್ದು ಕೋಲು ಯಾವ ಕೈಗೆ ಅನ್ನೋದನ್ನ. ಬಲಗಡೆ ಆಪರೇಷನ್ ಆಗಿದ್ದರೆ ಕೋಲು ಎಡಗೈಗೆ. ನಮ್ಮಲ್ಲಿ ಎಷ್ಟೋ ಜನ ನೋವಿರೋ ಕಡೆಗೇ ಹಿಡೀತಾರೆ! ಎದುರು ಕೈಯಲ್ಲಿದ್ದರೆ ಕೀಲಿನ ಮೇಲೆ ಭಾರ ಕಡಿಮೆ, ಮೈ ವಾಲೋದೂ ಕಡಿಮೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಚಕ್ಕಳಮಕ್ಕಳ, ಕುಕ್ಕರಗಾಲು ಡಾಕ್ಟರು ಒಪ್ಪುವ ತನಕ ಬೇಡ.

ಮನೆಯವರು ಎದ್ದಕೂಡಲೇ ತೋಳು ಹಿಡಿದರೆ ಧೈರ್ಯ ಬರೋದು ಹೇಗೆ? ಹಿಡಿಯಬೇಡಿ, ಪಕ್ಕದಲ್ಲಿರಿ. ಅತ್ತೆ ಮೊದಲು ಹಜಾರದಲ್ಲಿ ಗೋಡೆ ಪಕ್ಕ ನಡೆದರು, ಆಮೇಲೆ ಬೆಳಿಗ್ಗೆ ಹೊತ್ತು ರಥಬೀದಿಯಲ್ಲಿ. ಸೋಮವಾರ, ಹುಣ್ಣಿಮೆಗೆ ಶ್ರೀಕಂಠೇಶ್ವರನ ಭಕ್ತರ ನೂಕುನುಗ್ಗಲು. ಆ ದಿನ ಮನೆಯಲ್ಲೇ. ಕುಂಟದೆ ನಡೆಯಲು ಬಂದ ಮೇಲೇ ಕೋಲು ಬಿಡಬೇಕು ಅಂತ ಡಾಕ್ಟರು ಹೇಳಿದ್ದರು.

ಅವರ ತವರು ತಿ. ನರಸೀಪುರ. ಕಪಿಲೆ ಕಾವೇರಿಯನ್ನು ಸೇರುವ ಸಂಗಮ ನೋಡಬೇಕು ಅನ್ನೋದೇ ಅವರ ಹಟ. ನಾಲ್ಕನೇ ತಿಂಗಳು ಹೋದೆವು. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದಲ್ಲಿ ಕೋಲನ್ನು ನನ್ನ ಕೈಗೆ ಕೊಟ್ಟು ತಾವೇ ಪ್ರದಕ್ಷಿಣೆ ಹಾಕಿದರು. ಪಾಚಿ ಕಟ್ಟಿದ ಸ್ನಾನಘಟ್ಟಕ್ಕೆ ಮಾತ್ರ ಇಳಿಯಲಿಲ್ಲ. ಮೊಮ್ಮಗ ಚೊಂಬಲ್ಲಿ ನೀರು ತಂದ, ಮೇಲೆಯೇ ನಿಂತು ತಲೆಗೆ ಪ್ರೋಕ್ಷಿಸಿಕೊಂಡರು.