ನಮ್ಮ ನಂತರ ಇವರಿಗೆ ಯಾರು?

ಬೌದ್ಧಿಕ ವೈಕಲ್ಯ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವವರ ತಂದೆತಾಯಿಯರನ್ನು ಕಾಡುವ ಪ್ರಶ್ನೆ ಒಂದೇ: ‘ನಾವು ಕಣ್ಣು ಮುಚ್ಚಿದ ಮೇಲೆ ಈ ಮಗುವನ್ನು ನೋಡಿಕೊಳ್ಳುವವರು ಯಾರು?’ ಪ್ರಶ್ನೆ ಹಳೆಯದು, ಆದರೆ ಅದರ ಭಾರ ಈಗ ಹೆಚ್ಚಿದೆ. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿಯೂ ಸುಮಾರು 25 ವರ್ಷವಿತ್ತು. ಹೃದಯದ ಶಸ್ತ್ರಚಿಕಿತ್ಸೆ, ಉತ್ತಮ ಔಷಧಗಳಿಂದಾಗಿ ಅಲ್ಲಿ ಅದು 60ರ ಸಮೀಪಕ್ಕೆ ಬಂದಿದೆ. ಲೆಕ್ಕ ಹಾಕಿ ನೋಡಿ: ಮಗನಿಗೆ 45 ತುಂಬುವಾಗ ತಾಯಿಗೆ 70 ದಾಟಿರುತ್ತದೆ.

ಇದಕ್ಕೊಂದು ಪರಿಹಾರ ಸಮೂಹ ಗೃಹ. ಇದು ನೂರಾರು ಜನರನ್ನು ಸೇರಿಸುವ ಆಶ್ರಮವಲ್ಲ. ಊರಿನ ಸಾಮಾನ್ಯ ಮನೆಯಲ್ಲಿ ಕೆಲವೇ ವಯಸ್ಕರು ಸಹಾಯಕರ ನೆರವಿನಿಂದ ಒಟ್ಟಿಗೆ ಬಾಳುವ ವ್ಯವಸ್ಥೆ. ಅದು ಹತ್ತಿರದಲ್ಲೇ ಇರಬೇಕು. ಕನ್ನಡ, ಮರಾಠಿ, ಉರ್ದು ಬೆರೆತ ಮಾತಿನ ನಡುವೆ ಬೆಳೆದ ಔರಾದ್‌ನ ಯುವಕನನ್ನು ಸುಮಾರು 700 ಕಿ.ಮೀ. ದೂರದ ಬೆಂಗಳೂರಿನಲ್ಲಿ ಬಿಟ್ಟರೆ ಅವನ ಸನ್ನೆ ಯಾರಿಗೆ ತಿಳಿದೀತು? ಅಮರೇಶ್ವರ ಜಾತ್ರೆಗೆ ಅವನನ್ನು ಕರೆದೊಯ್ಯುವವರು ಯಾರು?

ಇಂಥ ಬೇಡಿಕೆಗೆ ಕಾನೂನಿನ ಬಲ ತಂದವರಲ್ಲಿ ಪೋಷಕರೇ ಮುಂದಿದ್ದರು. 1995ರಲ್ಲಿ ‘ಪರಿವಾರ್’ ಎಂಬ ಪೋಷಕರ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂತು. ಈ ಕಾಯಿದೆಯಂತೆ ಪೋಷಕರ ಸಂಘವೇ ನೋಂದಣಿ ಪಡೆಯಬಹುದು. 18 ದಾಟಿದವರ ವಸತಿಗಾಗಿ ನ್ಯಾಸದ ‘ಸಮರ್ಥ್-ಕಮ್-ಘರೌಂದಾ’ ಯೋಜನೆಯಿದೆ. ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ. ಪಾಲಕರು ಪ್ರತಿವರ್ಷ ಆಸ್ತಿಯ ಲೆಕ್ಕ ಕೊಡಬೇಕು. ನಿರ್ಲಕ್ಷ್ಯ ತೋರಿದರೆ ಅವರನ್ನು ತೆಗೆದುಹಾಕಲು ಅವಕಾಶವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಮುದಾಯದ ನಡುವೆ ಬಾಳುವ ಹಕ್ಕನ್ನು ನೀಡಿದೆ. ನೋಂದಣಿಯಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ ಎಂದೂ ಹೇಳಿದೆ.

ಆದರೆ ನೋಂದಣಿ ಪತ್ರವೊಂದರಿಂದಲೇ ಮನೆ ಒಳ್ಳೆಯದಾಗುವುದಿಲ್ಲ. ಮನೆ ನೋಡಲು ಹೋದಾಗ ನೀವು ಕೇಳಬೇಕಾದದ್ದು ಇಷ್ಟು: ರಾತ್ರಿ ಎಚ್ಚರವಿರುವವರು ಯಾರು? ಮೂರ್ಛೆರೋಗದ ಗುಳಿಗೆ ಕೊಟ್ಟದ್ದನ್ನು ಬರೆದಿಡುತ್ತಾರೆಯೇ? ಹೆಣ್ಣುಮಕ್ಕಳಿಗೆ ಸ್ನಾನ ಮಾಡಿಸುವವರು ಹೆಂಗಸರೇ? ಪ್ರತಿಯೊಬ್ಬರಿಗೂ ಸ್ವಂತ ಹಾಸಿಗೆ, ಬಟ್ಟೆ ಇವೆಯೇ? ಹಗಲಿನಲ್ಲಿ ಕೈಗೆ ಕೆಲಸವಿದೆಯೇ? ತಿಳಿಸದೆ ಬಂದರೂ ನಿಮ್ಮನ್ನು ಒಳಗೆ ಬಿಡುತ್ತಾರೆಯೇ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಬೇರೆ ಮನೆ ನೋಡುವುದು ಲೇಸು.

ಒಂಟಿ ಕುಟುಂಬದ ಅರ್ಜಿ ಮೂಲೆ ಸೇರಬಹುದು. ಬೀದರ್, ಭಾಲ್ಕಿ, ಔರಾದ್‌ಗಳ ಹತ್ತು ಮನೆಯವರು ಸೇರಿ ಹೋದರೆ ಅದು ಜಿಲ್ಲೆಯ ಬೇಡಿಕೆಯಾಗುತ್ತದೆ. ನಿಮ್ಮಂಥ ಇತರ ಕುಟುಂಬಗಳನ್ನು ಹುಡುಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ನಿಮಗೆ ಶಕ್ತಿಯಿರುವಾಗಲೇ ಈ ಕೆಲಸ ಆರಂಭಿಸಿ. ತಾಯಿ ಬದುಕಿರುವಾಗಲೇ ವಾರಕ್ಕೆರಡು ದಿನ ಆ ಮನೆಯಲ್ಲಿದ್ದು ರೂಢಿಯಾದವನಿಗೆ ಮುಂದೆ ಅದು ಪರರ ಮನೆ ಎನಿಸದು.