ಹತ್ತರ ಪಾನಾ

ಏಪ್ರಿಲ್‌ನಲ್ಲಿ ಬೆಳಗಿನ ಹತ್ತಕ್ಕೇ ಗೂಗಲ್ ಕಾದ ಹಂಚಾಗುತ್ತದೆ. ದೇವದುರ್ಗ ತಾಲ್ಲೂಕಿನ ಈ ಊರಿಗೆ ಕೃಷ್ಣೆ ಮಗ್ಗುಲಲ್ಲೇ ಇದ್ದರೂ ಹೊಳೆ ಕಡೆಯಿಂದ ಬೀಸುವ ಗಾಳಿಯೂ ಬಿಸಿಯೇ. ಅಲ್ಲಮಪ್ರಭುವಿನ ಗುಡಿಗೆ ಹೊರಟವರು ತಲೆಗೆ ದಸ್ತಿ ಸುತ್ತಿ, ನೆರಳು ಹುಡುಕಿ ನಡೆಯುತ್ತಾರೆ. ಬೇವಿನ ಮರದ ಕೆಳಗೆ ಬಿಳಿ ಕಾರೊಂದು ನಿಂತಿದೆ. ಸಾಲಿ ಮಾಸ್ತರರು ಕೀಲಿ ತಿರುವುತ್ತಾರೆ. ಒಳಗಿಂದ ‘ಟಕ್ ಟಕ್ ಟಕ್’. ಎದುರಿನ ದೀಪಗಳು ಮಂಕಾಗಿ ಮಿಣುಕಿ ಆರುತ್ತವೆ.

“ನಾಕು ಮಂದಿ ನೂಕ್ರಿ, ಚಾಲೂ ಆಗ್ತೈತಿ,” ಕಟ್ಟೆಯ ಮೇಲಿನ ಮುತ್ಯಾನ ತೀರ್ಪು.

“ನಿನ್ನೆನೂ ನೂಕೇ ಚಾಲೂ ಮಾಡೀವಿ ಮುತ್ಯಾ. ದಿನಾ ಯಾರು ನೂಕಬೇಕು?” ಎನ್ನುತ್ತಾನೆ ಟ್ರ್ಯಾಕ್ಟರ್ ಓಡಿಸುವ ಹುಡುಗ. ಹೊಸ ಬ್ಯಾಟರಿ ದೇವದುರ್ಗದಿಂದ ಬೈಕಿನ ಮೇಲೆ ಆಗಲೇ ಬಂದಿಳಿದಿದೆ. ಮೆಕ್ಯಾನಿಕ್ ಬಂದಿಲ್ಲ, ಅವನನ್ನು ಕರೆಸುವ ವಿಚಾರವೂ ಇಲ್ಲ. “ನೀವ ಹಾಕ್ರಿ ಸರ. ನಾ ಬಾಜೂಕ ನಿಂತು ಹೇಳ್ತೀನಿ.”

ಟ್ರ್ಯಾಕ್ಟರಿನ ಸಾಮಾನಿನ ಡಬ್ಬಿ ಬರುತ್ತದೆ. ಹುಡುಗ ಗೋಣಿತಾಟು ಹಾಸಿ ಒಂದೊಂದನ್ನೇ ಸಾಲಾಗಿ ಇಡುತ್ತಾನೆ. ಮೊದಲಿಗೆ ಹತ್ತರ ಪಾನಾ. ಬಹುಪಾಲು ಕಾರುಗಳಲ್ಲಿ ಟರ್ಮಿನಲ್ಲಿನ ನಟ್ಟು ಹತ್ತು ಮಿಲಿಮೀಟರಿನದೇ. ಈ ಪಾನಾದ ಹಿಡಿಕೆಗೆ ಹಳೇ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿದೆ. ಬಾಯಿಯಷ್ಟೇ ಬರಿಯ ಕಬ್ಬಿಣ. ಅದರ ಪಕ್ಕಕ್ಕೆ ಗೋಟಿ ಮತ್ತು ಉದ್ದನೆಯ ಸಲಾಕೆ. ಬ್ಯಾಟರಿಯನ್ನು ಬುಡದಲ್ಲಿ ಹಿಡಿದಿಡುವ ಕ್ಲಾಂಪಿನ ಬೋಲ್ಟು ಕೈಗೆಟುಕದ ಸಂದಿಯಲ್ಲಿ ಕೂತಿದ್ದರೆ ಇವೇ ಬೇಕು. ಆಮೇಲೆ ತಂತಿ ಬ್ರಷ್, ಪಾಲಿಶ್ ಪೇಪರ್, ಒಂದು ಚಿಕ್ಕ ಮೀಟರು, ರಬ್ಬರ್ ಕೈಗವಸು. ಮಾಸ್ತರರ ಮನೆಯಿಂದ ಎರಡು ಸಾಮಾನು ಬಂದಿವೆ: ಅಡುಗೆ ಸೋಡಾ, ವ್ಯಾಸಲೀನ್ ಡಬ್ಬಿ. ಸುತ್ತಿಗೆ ಡಬ್ಬಿಯಲ್ಲೇ ಉಳಿಯಿತು. ಬ್ಯಾಟರಿಯ ಹತ್ತಿರ ಅದಕ್ಕೆ ಕೆಲಸವಿಲ್ಲ.

ಬಾನೆಟ್ ಎತ್ತಿದರೆ ಧಗೆ ಮುಖಕ್ಕೆ ಬಡಿಯುತ್ತದೆ. ಮೀಟರಿನ ಕಡ್ಡಿ ಇಟ್ಟರೆ 11.6 ವೋಲ್ಟ್. ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು: ಒಳಗಿನ ಆರು ಮನೆಗಳಿಗೆ ತಲಾ 2.1. ಮಾಸ್ತರರು ಇನ್ನೊಮ್ಮೆ ಸೆಲ್ಫ್ ಹೊಡೆದಾಗ ಅಂಕಿ 8ಕ್ಕೆ ಕುಸಿಯಿತು. ಸೆಲ್ಫ್ ತಿರುಗುವಾಗಲೂ ಅದು ಒಂಬತ್ತೂವರೆಯ ಮೇಲೆ ನಿಲ್ಲಬೇಕಿತ್ತು.

“ಮೂರು ವರ್ಷನೂ ಆಗಿಲ್ಲಲ್ಲೋ ತಮ್ಮಾ!”

“ನಮ್ಮ ಬಿಸಿಲು ಸರ.”

ಅವನ ಮಾತಿನಲ್ಲಿ ಸುಳ್ಳಿಲ್ಲ. ಚಳಿ ನಾಡುಗಳಲ್ಲಿ ಬ್ಯಾಟರಿ ಕೈಕೊಡುವುದು ಹಿಮದ ಮುಂಜಾನೆಗಳಲ್ಲಿ. ಆದರೆ ಅದು ಸವೆಯುವುದು ಮಾತ್ರ ಎಲ್ಲೆಲ್ಲೂ ಬೇಸಿಗೆಯಲ್ಲೇ. ಸೆಕೆಗೆ ಒಳಗಿನ ನೀರು ಆರುತ್ತದೆ, ಸೀಸದ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕಸುಬಿನ ಸ್ಥೂಲ ಲೆಕ್ಕ. ಬಿಸಿಲು ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಬಾನೆಟ್ಟಿನ ಕೆಳಗಿನ ಧಗೆಯನ್ನು ಯಾರೂ ಅಳೆದು ಹೇಳಬೇಕಿಲ್ಲ.

“ಕೈಯಾಗಿನ ಉಂಗುರ, ಗಡಿಯಾರ ತಗೀರಿ ಸರ. ಮೊದಲ ಕರೀ ವೈರ್ ಬಿಚ್ಚಬೇಕು. ಕೆಂಪು ಆಮ್ಯಾಲ.”

ಕಾರಿನ ಮೈಯೆಲ್ಲ ಮೈನಸ್. ಮೈನಸ್ ತಂತಿ ಇದ್ದಂತೆಯೇ ಪ್ಲಸ್ ನಟ್ಟಿಗೆ ಪಾನಾ ಹಾಕಿದರೆ, ಪಾನಾದ ಇನ್ನೊಂದು ತುದಿ ಯಾವ ತಗಡಿಗೆ ತಾಗಿದರೂ ಕಿಡಿ ಹಾರುತ್ತದೆ. ಹನ್ನೆರಡು ವೋಲ್ಟು ಮನುಷ್ಯನಿಗೆ ಶಾಕ್ ಹೊಡೆಯದು, ನಿಜ. ಆದರೆ ನೇರ ದಾರಿ ಸಿಕ್ಕಿತೋ, ನೂರಾರು ಆಂಪಿಯರ್ ಒಮ್ಮೆಲೇ ಹರಿದು ಪಾನಾ ಕೆಂಪಗೆ ಕಾಯುತ್ತದೆ, ಉಂಗುರವಾದರೆ ಬೆರಳೇ ಸುಡುತ್ತದೆ. ಮೇಲಾಗಿ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಸೈಕಲ್ ಟ್ಯೂಬಿನ ಸುತ್ತು ಇರುವುದು ಇದಕ್ಕೇ. ಅಷ್ಟರಲ್ಲಿ ಯಾರೋ ಬೀಡಿ ಹಚ್ಚಲು ಕಡ್ಡಿ ಗೀರಹೋದರು. “ಕಾಕಾ, ಅತ್ಲಾಗ ಹೋಗಿ ಸೇದ್ರಿ!”

ಪ್ಲಸ್ ಟರ್ಮಿನಲ್ಲಿನ ಸುತ್ತ ಬೂದಿ ಬಿಳುಪಿನ ಹುಡಿ ಹೊಪ್ಪಳಿಕೆ ಕಟ್ಟಿದೆ. ತಾಮ್ರದ ತಂತಿ ಸೇರುವಲ್ಲಿ ಮೈಲುತುತ್ತದ ನೀಲಿ. ಹುಡುಗ ಸೋಡಾ ಕಲಸಿದ ಬಿಸಿನೀರನ್ನು ತಂತಿಯ ತುದಿಗೆ ಹನಿಸುತ್ತಾನೆ. ಬುಸ್ಸನೆ ನೊರೆ ಉಕ್ಕಿ, ಆಸಿಡ್ಡಿನ ಸಿಟ್ಟು ಇಳಿದು, ಕೆಳಗೆ ಲೋಹ ಇಣುಕುತ್ತದೆ. ಒಣಬಟ್ಟೆ, ಆಮೇಲೆ ಬ್ರಷ್. ಈ ತಿಕ್ಕುವ ಕೆಲಸಕ್ಕೆ ಬೇಜಾರು ಮಾಡಿದವರ ಕಾರಿನಲ್ಲಿ ಹೊಸ ಬ್ಯಾಟರಿಯೂ ‘ಟಕ್ ಟಕ್’ ಅನ್ನುವುದುಂಟು.

ಗೋಟಿ ಹಾಕಿ ಕ್ಲಾಂಪ್ ಬಿಚ್ಚಿ, ಹಳೆಯದನ್ನು ನೆಟ್ಟಗೆ ಎತ್ತಿ ಕೆಳಗಿಡುತ್ತಾರೆ. ಹೊಸದನ್ನು ಪಕ್ಕಕ್ಕಿಟ್ಟು ಹೋಲಿಕೆ: ಉದ್ದ, ಅಗಲ, ಎತ್ತರ, ಆಂಪಿಯರ್-ಅವರ್, ಪ್ಲಸ್ ಯಾವ ಕಡೆಗಿದೆ ಎಂಬುದು. ಪ್ಲಸ್ ಆ ಬದಿಗೆ ಹೋದರೆ ತಂತಿ ಎಟುಕದು. ಪ್ಲಸ್ ಗೂಟ ಮೈನಸ್ಸಿಗಿಂತ ತುಸು ದಪ್ಪ, ಹೀಗಾಗಿ ಅದಲುಬದಲಾಗುವ ಭಯ ಕಡಿಮೆ. ಸಿಗ್ನಲ್ಲಿನಲ್ಲಿ ತಾನೇ ಎಂಜಿನ್ ನಿಲ್ಲಿಸಿ ತಾನೇ ಚಾಲೂ ಮಾಡುವ ಈಗಿನ ಕಾರುಗಳಿಗೆ ಬೇರೆಯೇ ಜಾತಿಯ ಬ್ಯಾಟರಿ ಬೇಕು. ಕೆಲವಕ್ಕೆ ಕಂಪ್ಯೂಟರಿನಲ್ಲಿ ದಾಖಲು ಮಾಡುವ ಕೆಲಸವೂ ಇರುತ್ತದೆ. ಅವನ್ನು ಮರದ ಕೆಳಗೆ ಬಿಚ್ಚದಿರುವುದೇ ಜಾಣತನ.

“ನಮ್ಮ ಕಾಲದಾಗ ಜೀಪಿಗೆ ಹ್ಯಾಂಡಲ್ ಹೊಡೀತಿದ್ವಿ. ಬ್ಯಾಟರಿ ಹಂಗೇನೂ ಕಾಡ್ತಿರಲಿಲ್ಲ,” ಮುತ್ಯಾನ ಮಾತು ಮುಗಿದಿಲ್ಲ. ಹ್ಯಾಂಡಲ್ ತಿರುಗಿಬಿದ್ದು ಕೈ ಮುರಿದುಕೊಂಡವರೂ ಆಗ ಕಡಿಮೆಯಿರಲಿಲ್ಲ. 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರು ಸೆಲ್ಫ್ ಸ್ಟಾರ್ಟರ್ ಹೊತ್ತು ಬಂದ ಮೇಲೆ ಆ ತೋಳಿನ ಕೆಲಸ ಬ್ಯಾಟರಿಯ ಪಾಲಾಯಿತು.

ಕೂಡಿಸುವಾಗ ಎಲ್ಲ ತಿರುವುಮುರುವು: ಮೊದಲು ಕ್ಲಾಂಪ್, ಆಮೇಲೆ ಕೆಂಪು, ಕೊನೆಗೆ ಕರಿ. ನಟ್ಟು ಬಿಗಿಯಾಗಬೇಕು, ಆದರೆ ಸೀಸದ ಗೂಟ ಮೆತ್ತಗಿನದು, ಮೈಮೇಲೆ ಬಿದ್ದು ತಿರುವಬಾರದು. ಎರಡಕ್ಕೂ ತೆಳ್ಳಗೆ ವ್ಯಾಸಲೀನ್. ಕೀಲಿ ತಿರುವಿದ್ದೇ ತಡ, ಎಂಜಿನ್ ಒಂದೇ ಏಟಿಗೆ ಹತ್ತಿತು. ಓಡುವ ಎಂಜಿನ್ನಿನ ಮೇಲೆ ಮೀಟರು 14.2 ತೋರಿಸಿತು. ಅಂದರೆ ಆಲ್ಟರ್ನೇಟರ್ ನೆಟ್ಟಗಿದೆ. ಹದಿಮೂರೂವರೆಯೂ ಮುಟ್ಟದಿದ್ದರೆ ತಪ್ಪು ಬ್ಯಾಟರಿಯದೇ ಇರಲಿಕ್ಕಿಲ್ಲ. ಹೊಸದೂ ವಾರದೊಳಗೆ ಮಲಗುತ್ತದೆ.

“ಹಳೇದು ಗುಜರಿಗೆ ಹಾಕಿಬಿಡ್ಲೇನು?” ಮಾಸ್ತರರು ಕೇಳುತ್ತಾರೆ.

“ಬ್ಯಾಡ್ರಿ ಸರ. ಅವರು ಒಡೆದು ಆಸಿಡ್ ಎಲ್ಲ್ಯಾರ ಸುರೀತಾರ, ಹೊಳೀ ಬಾಜೂಕ.”

ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಕರಗಿಸಿದರೆ ಮತ್ತೆ ಬ್ಯಾಟರಿಯಾಗುವಂಥದ್ದು, ನೀರಿಗೆ ಸೇರಿದರೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯದನ್ನು ಮನೆಯ ಕಸದಿಂದ ಬೇರೆಯಾಗಿಟ್ಟು ಸರಿಯಾದ ಕಡೆ ಒಪ್ಪಿಸಬೇಕೆನ್ನುತ್ತವೆ. ಅದು ಡಿಕ್ಕಿಯಲ್ಲಿ ನೆಟ್ಟಗೆ ಕೂತು ದೇವದುರ್ಗದ ಅಂಗಡಿಗೆ ಹೊರಟಿತು.

“ಈ ಪಾನಾ, ಬ್ರಷ್ ಎಲ್ಲಾ ಎಷ್ಟಾಗ್ತೈತೋ ತಮ್ಮಾ?”

“ಹಳೇದಕ್ಕ ಅವರು ಮುರಕೊಳ್ಳೋ ರೊಕ್ಕದಾಗ ಎರಡೂ ಬಂದು ಇನ್ನೂ ಉಳೀತೈತಿ ಸರ. ಪಾನಾ ಮಾತ್ರ ಹತ್ತರದ ಕೇಳ್ರಿ.”